ರೂಬಿ 4 ಬಂತು, ನಿಮ್ಮ ಸರ್ವರ್‌ನಲ್ಲಿ ಈಗ ಟೈಮ್ ಎಷ್ಟು?

ಹೊಸ ವರ್ಷದ ಮೊದಲ ಕಂತು ಇದು. ಕ್ರಿಸ್‌ಮಸ್ ರಜೆ ಮುಗಿಸಿ ಫೋನ್ ತೆಗೆದರೆ ಒಂದೇ ಪ್ರಶ್ನೆ ಮೂರ್ನಾಲ್ಕು ಕಡೆಯಿಂದ ಬಂದಿತ್ತು. "ರೂಬಿ 4 ಬಂತಲ್ಲ, ನಮ್ಮ ಆಪ್ ಅಪ್‌ಗ್ರೇಡ್ ಮಾಡೋದಾ, ಬೇಡ್ವಾ?" ಒಬ್ಬರಂತೂ "ಮ್ಯಾನೇಜರ್ ಸೋಮವಾರದೊಳಗೆ ಮುಗಿಸು ಅಂತಿದ್ದಾರೆ" ಅಂತ ಬರೆದು ಮುಂದೆ ಅಳುವ ಎಮೋಜಿ ಹಾಕಿದ್ದಾರೆ.

ಉತ್ತರ ಹೇಳ್ತೀನಿ. ಆದರೆ ಅದರ ಜೊತೆಗೆ ಎರಡು ವರ್ಷದ ಹಿಂದೆ ನಾನೇ ಮಾಡಿದ ಒಂದು ಎಡವಟ್ಟನ್ನೂ ಹೇಳಬೇಕು. ಇಷ್ಟು ದಿನ ಈ ಅಂಕಣದಲ್ಲಿ ಅದನ್ನ ಬರೆಯದೆ ಜಾರಿಕೊಂಡಿದ್ದೆ. (ಎಂದಿನಂತೆ ಕೋಡ್ ಹೆಸರುಗಳನ್ನೂ ಕನ್ನಡದಲ್ಲೇ ಬರೀತೀನಿ. ಎಡಿಟರ್‌ನಲ್ಲಿ ಟೈಪ್ ಮಾಡೋವಾಗ ನಿಮ್ಮ ಬೆರಳಿಗೆ ಗೊತ್ತೇ ಇರುತ್ತೆ.)

ಮೊದಲು ಸುದ್ದಿ ಮುಗಿಸೋಣ. 2013ರಿಂದ ಪ್ರತಿ ವರ್ಷ ಡಿಸೆಂಬರ್ 25ಕ್ಕೆ ರೂಬಿಯ ಹೊಸ ಆವೃತ್ತಿ ಬರುತ್ತೆ, ಅದು ಆ ಬಳಗದ ಹಬ್ಬದ ಉಡುಗೊರೆ ಇದ್ದ ಹಾಗೆ. ಈ ಸಲ 2025ರ ಡಿಸೆಂಬರ್ 25ಕ್ಕೆ ಬಂದಿದ್ದು 4.0. ಯುಕಿಹಿರೊ ಮಾತ್ಸುಮೊಟೊ ಅವರು ರೂಬಿಯನ್ನ ಮೊದಲ ಸಲ ಜನರ ಕೈಗೆ ಕೊಟ್ಟಿದ್ದು 1995ರ ಡಿಸೆಂಬರ್‌ನಲ್ಲಿ. ಅಂದ್ರೆ ಭಾಷೆಗೆ ಸರಿಯಾಗಿ ಮೂವತ್ತು ವರ್ಷ, ಹೆಚ್ಚುಕಮ್ಮಿ ನನ್ನದೇ ವಯಸ್ಸು. ಮದುವೆ ಆಗಿಲ್ವಾ ಅಂತ ಅದನ್ನ ಯಾರೂ ಕೇಳಲ್ಲ ಅನ್ನೋದಷ್ಟೇ ವ್ಯತ್ಯಾಸ.

4.0ರಲ್ಲಿ ಹೆಸರು ಮಾಡಿರೋದು ಎರಡು: 'ರೂಬಿ ಬಾಕ್ಸ್' ಮತ್ತು 'ಝೆಡ್‌ಜಿಟ್'. ಮೊದಲನೆಯದು ಒಂದೇ ಪ್ರೊಸೆಸ್ ಒಳಗೆ ಕೋಡನ್ನ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಪ್ರಯತ್ನ. ಎರಡನೆಯದು ಹೊಸ ಜಿಟ್ ಕಂಪೈಲರ್. ಎರಡೂ ಇನ್ನೂ ಪ್ರಯೋಗದ ಹಂತದಲ್ಲಿವೆ. ಪ್ರೊಡಕ್ಷನ್‌ನಲ್ಲಿ ವೇಗ ಬೇಕು ಅನ್ನೋರಿಗೆ ಸದ್ಯಕ್ಕೆ ಹಳೇ ವೈಜಿಟ್ ಸಾಕು. ರೂಬಿ 3.3ರ ಮೇಲೆ ರೈಲ್ಸ್ 7.2ರ ಡೀಫಾಲ್ಟ್‌ಗಳೊಂದಿಗೆ ಇದ್ದೀರಾ? ಹಾಗಿದ್ರೆ ಅದು ನಿಮಗೆ ಗೊತ್ತಿಲ್ಲದ ಹಾಗೇ ಆನ್ ಆಗಿರುತ್ತೆ. ರೈಲ್ಸ್ ಕಡೆ 2025ರ ಅಕ್ಟೋಬರ್‌ನಲ್ಲಿ 8.1 ಬಂತು. ಅದರಲ್ಲಿ ನನಗೆ ಇಷ್ಟವಾಗಿದ್ದು ಉದ್ದುದ್ದ ಜಾಬ್‌ಗಳನ್ನ ಹಂತ ಹಂತವಾಗಿ ಒಡೆದು, ಮಧ್ಯದಲ್ಲಿ ನಿಂತರೆ ನಿಂತಲ್ಲಿಂದಲೇ ಮುಂದುವರಿಸುವ ಸೌಲಭ್ಯ. ಡಿಪ್ಲಾಯ್ ಮಾಡಿದಾಗೆಲ್ಲ ಅರ್ಧ ಓಡಿದ ಜಾಬ್ ಸತ್ತುಹೋಗಿ ಮತ್ತೆ ಒಂದರಿಂದ ಶುರುವಾಗೋದನ್ನ ನೋಡಿದವರಿಗೆ ಇದರ ಬೆಲೆ ಗೊತ್ತು.

ಈ ಎಲ್ಲ ಸುದ್ದಿಯ ಹಿಂದೆ ಒಂದು ದೊಡ್ಡ ಬದಲಾವಣೆ ನಡೀತಿದೆ. 2023ರ ಅಕ್ಟೋಬರ್‌ನಲ್ಲಿ ಬಂದ ರೈಲ್ಸ್ 7.1ರಿಂದ ಹೊಸ ಆಪ್ ಜೊತೆ ಡಾಕರ್‌ಫೈಲ್ ತಾನಾಗೇ ಬರುತ್ತೆ. 2024ರ ನವೆಂಬರ್‌ನ ರೈಲ್ಸ್ 8ರ ಜೊತೆ ಕಮಾಲ್ ಕೂಡ ಬಂತು. ಅಂದ್ರೆ ಹಳೇ ಸರ್ವರ್ ಬಿಟ್ಟು ಎಲ್ಲರೂ ಕಂಟೇನರ್‌ಗೆ ಮನೆ ಬದಲಾಯಿಸ್ತಿದ್ದಾರೆ. ನಾನೂ ಬದಲಾಯಿಸಿದೆ. ನನ್ನ ಕಥೆ ಶುರುವಾಗೋದು ಅಲ್ಲಿಂದ.

ಆಗ ನಾನಿದ್ದದ್ದು ಒಂದು ಸಣ್ಣ ಕಂಪನಿಯಲ್ಲಿ. ನಮ್ಮ ಕ್ಲೈಂಟ್‌ಗಳಲ್ಲಿ ಒಂದು ಬೇಕರಿ ಘಟಕ. ಬ್ರೆಡ್, ಬನ್ನು, ರಸ್ಕ್ ಮಾಡಿ ಬೆಳಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ತಲುಪಿಸೋರು. ಅವರ ಹಾಜರಾತಿ ಮತ್ತು ಸಂಬಳದ ಆಪ್ ನಮ್ಮದು. ರೈಲ್ಸ್ 6.1, ರೂಬಿ 2.7. ಆ ರೂಬಿಗೆ ಬೆಂಬಲ 2023ರ ಮಾರ್ಚ್ 31ಕ್ಕೇ ಮುಗಿದಿತ್ತು. ಕ್ಲೈಂಟ್ ಕಡೆಯ ಆಡಿಟರ್ ಅದನ್ನ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಕಳಿಸಿದ್ದರು.

ನನಗೆ ಖುಷಿಯೋ ಖುಷಿ. ಅಪ್‌ಗ್ರೇಡ್ ಕೆಲಸ ಅಂದ್ರೆ ರೆಸ್ಯೂಮೆಯಲ್ಲಿ ಹಾಕಿಕೊಳ್ಳಬಹುದು ನೋಡಿ. ರೂಬಿ 3.2ಕ್ಕೆ ಹೋದೆ, ರೈಲ್ಸ್ 7.0 ಹಾರಿಸಿ ನೇರ 7.1ಕ್ಕೆ ಹೋದೆ. ಅಷ್ಟು ಸಾಲದು ಅಂತ ಎಂಟು ವರ್ಷದ ಹಳೇ ಸರ್ವರ್‌ನಿಂದ ಆಪ್ ಎತ್ತಿ ಕಂಟೇನರ್‌ಗೆ ಹಾಕಿದೆ. ಮೂರೂ ಒಟ್ಟಿಗೆ, ಒಂದೇ ಶನಿವಾರ ಮಧ್ಯಾಹ್ನ. ಟೆಸ್ಟ್‌ಗಳೆಲ್ಲ ಹಸಿರು. ಸಂಜೆ ನಾಲ್ಕಕ್ಕೆ ನಾನೇ ಕೂತು ಪಂಚ್ ಇನ್, ಪಂಚ್ ಔಟ್ ಮಾಡಿ ನೋಡಿದೆ, ಸರಿ ಇತ್ತು. ಟೀಮ್‌ಗೆ ಗೋಬಿ ಮಂಚೂರಿ ಪಾರ್ಟಿಯೂ ಆಯ್ತು.

ಅದು ತಿಂಗಳ ಮಧ್ಯಭಾಗ. ಮುಂದಿನ ತಿಂಗಳು ಒಂದನೇ ತಾರೀಖು ಸಂಬಳ ಆಯ್ತು. ಎರಡನೇ ತಾರೀಖು ಬೆಳಗ್ಗೆ ಬೇಕರಿಯ ಎಚ್‌ಆರ್ ಫೋನು. "ಏನ್ರೀ ನಿಮ್ಮ ಸಿಸ್ಟಂ? ಎರಡು ಗಂಟೆ ಪಾಳಿಯವರು ಕೆಲಸಕ್ಕೆ ಬರೋಕೆ ಮುಂಚೆನೇ ಮನೆಗೆ ಹೋಗ್ತಿದ್ದಾರಲ್ಲ!"

ಬೆಳಗಿನ ಜಾವ ಎರಡಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯೋ ಪಾಳಿ ಅದು. ಹಿಟ್ಟು ಕಲಸೋರು, ಓವನ್ ಮುಂದೆ ನಿಲ್ಲೋರು, ಪ್ಯಾಕಿಂಗ್‌ನವರು ಸೇರಿ ಮೂವತ್ತಕ್ಕೂ ಹೆಚ್ಚು ಜನ. ಅವರಿಗೆಲ್ಲ ಆ ಶನಿವಾರದ ನಂತರದ ಪ್ರತಿ ದಿನವೂ ಗೈರುಹಾಜರಿ ಬಿದ್ದಿತ್ತು. ಅರ್ಧ ತಿಂಗಳ ಸಂಬಳ ಕಟ್. ಹಗಲು ಪಾಳಿಯವರದ್ದು ಒಂದು ಪೈಸೆಯೂ ವ್ಯತ್ಯಾಸ ಇಲ್ಲ.

ನಾನು ಮೊದಲು ಬೈದಿದ್ದು ರೂಬಿಯನ್ನ. 2.7ರಿಂದ 3ಕ್ಕೆ ಹೋಗೋವಾಗ ಕೀವರ್ಡ್ ಆರ್ಗ್ಯುಮೆಂಟ್‌ಗಳು ಬೇರೆಯಾಗೋದು ಎಲ್ಲರಿಗೂ ಗೊತ್ತಿರೋ ಗುಂಡಿ, ಅಲ್ಲೇ ಬಿದ್ದಿರಬೇಕು ಅಂದುಕೊಂಡೆ. ಅರ್ಧ ದಿನ ಅದನ್ನೇ ಹುಡುಕಿದೆ. ಆಮೇಲೆ ರೈಲ್ಸ್ 7.1ರ ಹೊಸ ಡೀಫಾಲ್ಟ್‌ಗಳ ಮೇಲೆ ಅನುಮಾನ. ಮೂರು ಬದಲಾವಣೆ ಒಟ್ಟಿಗೆ ಮಾಡಿದ್ದರ ಫಲ ಆಗ ಗೊತ್ತಾಯ್ತು: ಕಳ್ಳ ಯಾರು ಅಂತ ಹೇಳೋಕೆ ಆಗ್ತಿರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸಲ ಓಡಿಸಿದರೂ ಎಲ್ಲ ಸರಿ.

ಕೊನೆಗೆ ನಮ್ಮ ಸೀನಿಯರ್ ಒಬ್ಬರು "ಎರಡು ಗಂಟೆಗೆ ತಪ್ಪಾಗ್ತಿದೆ ಅಂದ್ರೆ ಎರಡು ಗಂಟೆಗೆ ಹೋಗಿ ನೋಡಪ್ಪ" ಅಂದರು. ಹೋದೆ. ಜಾಕೆಟ್ ಹಾಕಿಕೊಂಡು ಬೈಕ್‌ನಲ್ಲಿ. ಗೇಟಿನ ಪಕ್ಕದ ಪಂಚಿಂಗ್ ಮಿಷನ್ ಹತ್ತಿರ ಸ್ಟೂಲ್ ಹಾಕಿಕೊಂಡು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪ್ರೊಡಕ್ಷನ್ ಕನ್ಸೋಲ್ ತೆಗೆದು ಕೂತೆ. 1.50ಕ್ಕೆ ವ್ಯಾನ್ ಬಂತು. ಮೊದಲ ಹೆಂಗಸು ಕಾರ್ಡ್ ತೋರಿಸಿದರು. ಬೀಪ್. ನನ್ನ ಸ್ಕ್ರೀನ್‌ನಲ್ಲಿ ಆ ಪಂಚ್ ಹೋಗಿ ಕೂತಿದ್ದು ನಿನ್ನೆಯ ದಿನಾಂಕದ ಸಾಲಿನಲ್ಲಿ.

ಕನ್ಸೋಲ್‌ನಲ್ಲಿ ಡೇಟ್.ಟುಡೇ ಅಂತ ಹೊಡೆದೆ. ನಿನ್ನೆ ಬಂತು. ಡೇಟ್.ಕರೆಂಟ್ ಅಂತ ಹೊಡೆದೆ. ಇವತ್ತು ಬಂತು.

ಗೊತ್ತಿರೋರಿಗೆ ಇಷ್ಟು ಸಾಕು. ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಂಟರ್ವ್ಯೂನಲ್ಲಿ ಮೂರು ನಾಲ್ಕು ವರ್ಷ ಅನುಭವ ಇರೋರನ್ನ ಕೇಳಿದಾಗಲೂ ಇಲ್ಲಿ ತಡವರಿಸ್ತಾರೆ.

ಡೇಟ್.ಟುಡೇ ರೂಬಿಯದ್ದು. ಅದು ಮಿಷನ್‌ನ ಗಡಿಯಾರ ಕೇಳುತ್ತೆ. ಡೇಟ್.ಕರೆಂಟ್ ರೈಲ್ಸ್‌ನದ್ದು. ಅದು ನೀವು ಕಾನ್ಫಿಗ್‌ನಲ್ಲಿ ಬರೆದ ಟೈಮ್ ಝೋನ್ ಕೇಳುತ್ತೆ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಕಂಟೇನರ್‌ನ ಗಡಿಯಾರ, ನೀವು ಬೇರೇನೂ ಹೇಳದಿದ್ದರೆ, ಯುಟಿಸಿಯಲ್ಲಿರುತ್ತೆ. ಹಾಗಾಗಿ ರಾತ್ರಿ 12ರಿಂದ ಬೆಳಗ್ಗೆ 5.30ರವರೆಗೆ ಡೇಟ್.ಟುಡೇ ಪ್ರಕಾರ ಇನ್ನೂ ನಿನ್ನೆಯೇ. 5.30 ಆದ ಕೂಡಲೇ ಎರಡೂ ಒಂದೇ ಉತ್ತರ ಕೊಡ್ತವೆ. ಶನಿವಾರ ಸಂಜೆ ನಾಲ್ಕಕ್ಕೆ ಟೆಸ್ಟ್ ಮಾಡಿದ ಮಹಾನುಭಾವನಿಗೆ ಅದು ಕಾಣೋದಾದರೂ ಹೇಗೆ?

ಈಗ ಬೇಕರಿಯ ಲೆಕ್ಕ ನೋಡಿ. ಆರನೇ ತಾರೀಖು ಜಾವ ಎರಡಕ್ಕೆ ಒಳಗೆ ಬಂದರೆ ಅದು ಐದನೇ ತಾರೀಖಿನ ಸಾಲಿಗೆ ಹೋಗ್ತಿತ್ತು. ಅದೇ ದಿನ ಹತ್ತಕ್ಕೆ ಹೊರಗೆ ಹೋದರೆ ಆರರ ಸಾಲಿಗೆ. ಏಳರ ಜಾವದ ಒಳ ಪಂಚ್ ಮತ್ತೆ ಆರಕ್ಕೆ. ಆರರ ಸಾಲಿನಲ್ಲಿ ಈಗ ಹೊರಗೆ ಹೋಗಿದ್ದು ಬೆಳಗ್ಗೆ ಹತ್ತಕ್ಕೆ, ಒಳಗೆ ಬಂದಿದ್ದು ಮಾರನೇ ದಿನ ಎರಡಕ್ಕೆ. ಕಳೆದರೆ ಮೈನಸ್ 16 ಗಂಟೆ. ಮೈನಸ್ ಬಂದರೆ ಸೊನ್ನೆ ಅಂತ ಇಟ್ಟುಕೋ ಅನ್ನೋ ಸಾಲು ಸಂಬಳದ ಕೋಡ್‌ನಲ್ಲಿತ್ತು. ಅದನ್ನ ಬರೆದವನೂ ನಾನೇ. ಯಾವುದೋ ಒಂದು ಎರರ್ ಮೇಲ್ ಪದೇ ಪದೇ ಬರ್ತಿದೆ ಅಂತ ಬಾಯಿ ಮುಚ್ಚಿಸೋಕೆ ಹಾಕಿದ್ದೆ. ಆ ಸಾಲು ಇಲ್ಲದಿದ್ದರೆ ಮೊದಲನೇ ದಿನವೇ ಆಪ್ ಕೂಗಿಕೊಳ್ಳುತ್ತಿತ್ತು.

ಹಾಗಾದರೆ ಎಂಟು ವರ್ಷ ಹೇಗೆ ಸರಿ ಇತ್ತು? ಹಳೇ ಸರ್ವರ್ ಸೆಟಪ್ ಮಾಡಿದ ಯಾರೋ ಪುಣ್ಯಾತ್ಮರು ಅದರ ಗಡಿಯಾರವನ್ನ ಭಾರತದ ಸಮಯಕ್ಕೆ ಇಟ್ಟಿದ್ದರು. ಎಲ್ಲೂ ಬರೆದಿಡಲಿಲ್ಲ. ನಮ್ಮ ಕೋಡ್‌ನ ತಪ್ಪನ್ನ ಆ ಸರ್ವರ್ ಎಂಟು ವರ್ಷ ತನ್ನ ಹೊಟ್ಟೆಗೆ ಹಾಕಿಕೊಂಡಿತ್ತು.

ಸರಿಪಡಿಸೋದು ಕಷ್ಟವಾಗಲಿಲ್ಲ. ಪಂಚ್ ಆದ ಕ್ಷಣ ಡೇಟಾಬೇಸ್‌ನಲ್ಲಿ ಸರಿಯಾಗೇ ದಾಖಲಾಗಿತ್ತು, ತಪ್ಪಿದ್ದು ದಿನಾಂಕದ ಕಾಲಂ ಮಾತ್ರ. ಆ ಕ್ಷಣವನ್ನ ನಮ್ಮ ಝೋನ್‌ಗೆ ತಂದು ಅದರಿಂದ ದಿನಾಂಕ ಮತ್ತೆ ಲೆಕ್ಕ ಹಾಕೋ ಹತ್ತು ಸಾಲಿನ ಸ್ಕ್ರಿಪ್ಟ್. ಆದರೆ ಸಂಬಳದ ಬಾಕಿ ಬ್ಯಾಂಕಿಗೆ ಹೋಗಿ ಬೀಳೋಕೆ ಇನ್ನೂ ನಾಲ್ಕು ದಿನ ಹಿಡೀತು. ಆವತ್ತು ಮೊದಲು ಪಂಚ್ ಮಾಡಿದ ಹೆಂಗಸು ಚಹಾ ವಿರಾಮದಲ್ಲಿ ಹತ್ತಿರ ಬಂದು, "ನೀವೇನಾ ಕಂಪ್ಯೂಟರ್‌ನೋರು? ನಂದು ಚೀಟಿ ದುಡ್ಡು ಒಂದನೇ ತಾರೀಖೇ ಕಟ್ಟಬೇಕಿತ್ತು" ಅಂದರು. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಜಗಳ ಆಡಲಿಲ್ಲ. ಬಿಸಿ ಬನ್ ಒಂದು ಕೊಟ್ಟು ಹೋದರು. ಅದನ್ನ ತಿನ್ನೋಕೆ ನನಗೆ ಬಹಳ ಹೊತ್ತು ಬೇಕಾಯ್ತು.

ಈಗ ನಿಮ್ಮ ಕೆಲಸ. ಪ್ರಾಜೆಕ್ಟ್ ತೆಗೆದು ಡೇಟ್.ಟುಡೇ ಅಂತ ಹುಡುಕಿ. ಸಿಕ್ಕಿದ ಕಡೆಯೆಲ್ಲ ಡೇಟ್.ಕರೆಂಟ್ ಬೇಕಾ ಅಂತ ಯೋಚಿಸಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಬೇಕು. ಟೈಮ್.ನೌ ಅಷ್ಟು ಅಪಾಯಕಾರಿ ಅಲ್ಲ, ಅದೊಂದು ಕ್ಷಣ ಅಷ್ಟೇ, ಡೇಟಾಬೇಸ್‌ಗೆ ಸರಿಯಾಗೇ ಹೋಗುತ್ತೆ. ಆದರೆ ಅದರ ಬಾಲಕ್ಕೆ ಟು_ಡೇಟ್ ಅಂತಲೋ, ಅವರ್ ಅಂತಲೋ, ಬಿಗಿನಿಂಗ್_ಆಫ್_ಡೇ ಅಂತಲೋ ಅಂಟಿಸಿದರೆ ಮತ್ತೆ ಅದೇ ಕಥೆ. ಟೈಮ್.ಕರೆಂಟ್ ಬಳಸಿ. ಯೂಸರ್ ಫಾರ್ಮ್‌ನಲ್ಲಿ ತುಂಬಿದ "10:00" ಅನ್ನೋದನ್ನ ಟೈಮ್.ಪಾರ್ಸ್‌ಗೆ ಕೊಡಬೇಡಿ, ಟೈಮ್.ಝೋನ್.ಪಾರ್ಸ್‌ಗೆ ಕೊಡಿ.

ಇನ್ನೊಂದು ತಮಾಷೆ. ಡೇಟ್.ಟುಡೇ ರೂಬಿಯದ್ದು ಅಂದೆ ಅಲ್ವಾ? ಡೇಟ್.ಟುಮಾರೋ ಮತ್ತು ಡೇಟ್.ಯೆಸ್ಟರ್‌ಡೇ ರೈಲ್ಸ್ ಸೇರಿಸಿದ್ದು, ಅವು ಝೋನ್ ನೋಡ್ತವೆ. ಹಾಗಾಗಿ ಯುಟಿಸಿ ಸರ್ವರ್‌ನಲ್ಲಿ ನಮ್ಮ ಜಾವ ಎರಡಕ್ಕೆ ಟುಮಾರೋದಿಂದ ಟುಡೇ ಕಳೆದರೆ ಎರಡು ದಿನ ಬರುತ್ತೆ! ಅದೇ ಹೊತ್ತಿಗೆ ಯೆಸ್ಟರ್‌ಡೇ ಮತ್ತು ಟುಡೇ ಎರಡೂ ಒಂದೇ ದಿನ. ಆಫೀಸಿನಲ್ಲಿ ಯಾರಿಗಾದರೂ ಒಗಟು ಹೇಳಿ ಕಾಫಿ ಗೆಲ್ಲಬಹುದು.

ರಿಪೋರ್ಟ್‌ಗಳನ್ನ ಮರೀಬೇಡಿ. ಡೇಟಾಬೇಸ್‌ನಲ್ಲಿ ರೈಲ್ಸ್ ಸಮಯ ಇಡೋದು ಯುಟಿಸಿಯಲ್ಲಿ. ಕ್ರಿಯೇಟೆಡ್_ಆಟ್ ಕಾಲಂನ ದಿನಾಂಕದ ಮೇಲೆ ನೇರ ಗ್ರೂಪ್ ಮಾಡಿದರೆ ನಿಮ್ಮ 'ದಿನ' ಬೆಳಗ್ಗೆ 5.30ಕ್ಕೆ ಶುರುವಾಗಿ ಮಾರನೇ ದಿನ 5.30ಕ್ಕೆ ಮುಗಿಯುತ್ತೆ. ಮಧ್ಯರಾತ್ರಿ ಆಫರ್ ಇಟ್ಟ ಶಾಪಿಂಗ್ ಆಪ್ ಆಗಿದ್ದರೆ ಮೊದಲ ಐದೂವರೆ ಗಂಟೆಯ ಮಾರಾಟ ಹಿಂದಿನ ದಿನದ ಲೆಕ್ಕಕ್ಕೆ. ಗ್ರೂಪ್‌ಡೇಟ್ ಅನ್ನೋ ಜೆಮ್ ಇದಕ್ಕೆಂದೇ ಇದೆ. ಬರೀ ಇವತ್ತಿನ ದಾಖಲೆ ಬೇಕು ಅಂದ್ರೆ ವೇರ್ ಒಳಗೆ ಡೇಟ್.ಕರೆಂಟ್.ಆಲ್_ಡೇ ಕೊಟ್ಟರೆ ಮುಗೀತು.

ಕ್ರಾನ್ ಕೂಡ ಮಿಷನ್ ಗಡಿಯಾರದ್ದೇ. ನಮ್ಮ ರಾತ್ರಿ 12 ಅಂದ್ರೆ ಅದಕ್ಕೆ ಸಂಜೆ 18:30. ಸಾಲಿಡ್ ಕ್ಯೂ ಬಳಸೋರಿಗೆ ಇದು ಸುಲಭ, ಪುನರಾವರ್ತನೆ ಫೈಲ್‌ನಲ್ಲಿ ಕ್ರಾನ್ ಸಾಲಿನ ಕೊನೆಗೆ ಏಷ್ಯಾ/ಕೋಲ್ಕತಾ ಅಂತ ಸೇರಿಸಿದರೆ ಸಾಕು. ಅಂದಹಾಗೆ ರೈಲ್ಸ್‌ನ ಟೈಮ್ ಝೋನ್ ಪಟ್ಟಿಯಲ್ಲಿ ಚೆನ್ನೈ ಇದೆ, ಕೋಲ್ಕತಾ ಇದೆ, ಮುಂಬೈ ಇದೆ, ನ್ಯೂ ಡೆಲ್ಲಿ ಇದೆ. ಬೆಂಗಳೂರು ಇಲ್ಲ! ದೇಶದ ಅರ್ಧ ಕೋಡ್ ನಾವಿಲ್ಲಿ ಬರೀತೀವಿ ಅಂತ ಬೀಗೋರಿಗೆ ಸಣ್ಣ ಬೇಜಾರು. ನಾಲ್ಕೂ ಒಂದೇ ಝೋನ್, ಯಾವುದಾದರೂ ಹಾಕಿ.

"ಇಷ್ಟೆಲ್ಲ ಯಾಕೆ, ಕಂಟೇನರ್‌ನಲ್ಲೇ ಟೀಝಡ್ ವೇರಿಯಬಲ್ ಹಾಕಿ ಭಾರತದ ಸಮಯ ಇಟ್ಟರೆ ಆಯ್ತಲ್ಲ" ಅಂತೀರಾ? ಆ ರಾತ್ರಿ ನಾನೂ ತುರ್ತಿಗೆ ಅದನ್ನೇ ಮಾಡಿದೆ, ಮೂರು ಗಂಟೆ ಪಾಳಿಯ ಮಧ್ಯದಲ್ಲಿ ಇನ್ನೇನು ಮಾಡೋದು. ಆದರೆ ಅದು ಮತ್ತೆ ಹಳೇ ಸರ್ವರ್‌ನ ಪುಣ್ಯಾತ್ಮರ ದಾರಿಯೇ. ಮುಂದಿನ ಸಲ ಮನೆ ಬದಲಾಯಿಸೋರು ಅದೊಂದು ಸಾಲು ಮರೆತರೆ ಮುಗೀತು. ಜೊತೆಗೆ ಇಮೇಜ್ ಒಳಗೆ ಟೈಮ್ ಝೋನ್ ಡೇಟಾ ಇಲ್ಲದಿದ್ದರೆ ಆ ವೇರಿಯಬಲ್‌ಗೆ ಯಾರೂ ಕಿವಿಗೊಡಲ್ಲ, ಸದ್ದಿಲ್ಲದೆ ಯುಟಿಸಿಯೇ ಓಡುತ್ತೆ.

ಟೆಸ್ಟ್ ವಿಷಯದಲ್ಲಿ ನನ್ನ ತಪ್ಪು ಏನಂದ್ರೆ, ನನ್ನ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿತ್ತು. ಅಲ್ಲಿ ಟುಡೇ ಮತ್ತು ಕರೆಂಟ್ ಯಾವತ್ತೂ ಜಗಳ ಆಡಲ್ಲ. ಸಿಐ ಯುಟಿಸಿಯಲ್ಲಿತ್ತು, ಆದರೆ ನಾವು ಪುಷ್ ಮಾಡೋದು ಹಗಲಲ್ಲಿ. ಈಗ ನಮ್ಮ ಹಾಜರಾತಿ ಟೆಸ್ಟ್‌ಗಳು ಎರಡು ನಿಯಮ ಪಾಲಿಸ್ತವೆ: ಟೀಝಡ್ ಯುಟಿಸಿ ಇಟ್ಟೇ ಓಡಬೇಕು, ಟ್ರಾವೆಲ್_ಟು ಹಾಕಿ ಜಾವ ಎರಡಕ್ಕೆ ಹೋಗಬೇಕು. ಈಗಿನ ರೈಲ್ಸ್‌ನಲ್ಲಿ ಟ್ರಾವೆಲ್_ಟು ಮಿಷನ್‌ನ ಝೋನ್ ಪ್ರಕಾರವೇ ಡೇಟ್.ಟುಡೇ ತೋರಿಸುತ್ತೆ, ಹಾಗಾಗಿ ಬಗ್ ಇದ್ದರೆ ಅಲ್ಲೇ ಕೆಂಪಾಗುತ್ತೆ. ರೂಬೊಕಾಪ್‌ನ ರೈಲ್ಸ್ ಭಾಗದಲ್ಲಿ ಡೇಟ್ ಮತ್ತು ಟೈಮ್‌ಝೋನ್ ಅಂತ ಎರಡು ಪೊಲೀಸರಿದ್ದಾರೆ, ಅವರನ್ನೂ ಡ್ಯೂಟಿಗೆ ಹಾಕಿ. ಹೊಸ ರೈಲ್ಸ್ ಆಪ್ ಜೊತೆ ಬರುವ 'ಒಮಕಾಸೆ' ಸೆಟ್ಟಿಂಗ್‌ನಲ್ಲಿ ಅವರು ರಜೆಯಲ್ಲಿರ್ತಾರೆ, ನೀವೇ ಕರೆಸಬೇಕು.

ಅದೇ ಬೇಕರಿ ಆಪ್‌ನಲ್ಲಿ ಇನ್ನೊಂದು ತಪ್ಪೂ ಆಗ ಕಣ್ಣಿಗೆ ಬಿತ್ತು, ಅದನ್ನೂ ಹೇಳಿಬಿಡ್ತೀನಿ. ಸಂಬಳದ ಚೀಟಿಯಲ್ಲಿ ಹೆಸರು ಕನ್ನಡದಲ್ಲಿ ಬರುತ್ತೆ. ಜಾಗ ಕಮ್ಮಿ ಅಂತ ಹೆಸರನ್ನ 12 ಅಕ್ಷರಕ್ಕೆ ಕತ್ತರಿಸಿದ್ದೆವು. ಲಕ್ಷ್ಮೀದೇವಮ್ಮ ಅನ್ನೋ ಹೆಸರು ತಗೊಳ್ಳಿ. ನಮ್ಮ ಕಣ್ಣಿಗೆ ಐದು ಅಕ್ಷರ. ರೂಬಿಯ ಲೆಂಗ್ತ್ ಪ್ರಕಾರ 13, ಯಾಕಂದ್ರೆ ಅದು ಎಣಿಸೋದು ಯೂನಿಕೋಡ್ ಸಂಕೇತಗಳನ್ನ. ಗುಣಿತ, ಒತ್ತು, ಹಲಂತ ಎಲ್ಲ ಬೇರೆ ಬೇರೆ. 12ಕ್ಕೆ ಕತ್ತರಿಸಿದರೆ ಚೀಟಿಯಲ್ಲಿ ಬರೋದು 'ಲಕ್ಷ್ಮೀದೇವಮ್'. ದುಡ್ಡೂ ಅರ್ಧ, ಹೆಸರೂ ಅರ್ಧ.

ಗ್ರಾಫೀಮ್_ಕ್ಲಸ್ಟರ್ಸ್ ಅನ್ನೋ ಮೆಥಡ್ ರೂಬಿ 2.5ರಿಂದ ಇದೆ. ಅದು ಗುಣಿತವನ್ನ ಅಕ್ಷರದಿಂದ ಬೇರೆ ಮಾಡಲ್ಲ. ಪ್ರೊಫೈಲ್ ಗೋಲದಲ್ಲಿ ಕೃಷ್ಣ ಅನ್ನೋರ ಮೊದಲಕ್ಷರ 'ಕ' ಅಂತ ಬರ್ತಿದ್ದರೆ, ಇದನ್ನ ಬಳಸಿದಾಗ 'ಕೃ' ಸಿಗುತ್ತೆ. ಒತ್ತಕ್ಷರವನ್ನೂ ಇಡಿಯಾಗಿ ಹಿಡಿದುಕೊಡುತ್ತೆ ಅಂತ ಮಾತ್ರ ನಂಬಬೇಡಿ. ಸ್ಕ್ರೀನ್ ಮೇಲೆ ಹೆಸರು ಚಿಕ್ಕದು ಮಾಡಬೇಕಾದರೆ ರೂಬಿಯಲ್ಲಿ ಕತ್ತರಿ ಹಾಕೋ ಬದಲು ಸಿಎಸ್‌ಎಸ್‌ಗೆ ಬಿಡಿ. ಹುಡುಕಾಟದಲ್ಲಿ ಒಂದೇ ಹೆಸರು ಎರಡು ಸಲ ಇದ್ದರೂ ಸಿಗ್ತಿಲ್ಲ ಅಂದ್ರೆ ಅದು ಯೂನಿಕೋಡ್‌ನ ಎರಡು ಬಗೆಯ ಬರವಣಿಗೆ ಇರಬಹುದು. 'ೀ' ಒಂದೇ ಸಂಕೇತವಾಗಿಯೂ ಬರಬಹುದು, ಎರಡು ತುಂಡಾಗಿಯೂ ಬರಬಹುದು, ಕಣ್ಣಿಗೆ ಎರಡೂ ಒಂದೇ. ರೈಲ್ಸ್ 7.1ರ ನಾರ್ಮಲೈಸಸ್ ಒಳಗೆ ಯೂನಿಕೋಡ್_ನಾರ್ಮಲೈಸ್ ಹಾಕಿದರೆ ಉಳಿಸೋ ಮೊದಲೇ ಒಂದೇ ರೂಪಕ್ಕೆ ಬರುತ್ತೆ. ಕನ್ನಡ ಶೀರ್ಷಿಕೆಗೆ ಪ್ಯಾರಾಮೀಟರೈಸ್ ಹೊಡೆದು ಯುಆರ್‌ಎಲ್ ಮಾಡೋಕೆ ಹೋಗಬೇಡಿ. "ಮೈಸೂರು" ಕೊಟ್ಟರೆ ಖಾಲಿ ಸ್ಟ್ರಿಂಗ್ ವಾಪಸ್ ಬರುತ್ತೆ.

ಈಗ ಮೊದಲ ಪ್ರಶ್ನೆ: ರೂಬಿ 4ಕ್ಕೆ ಹೋಗೋದಾ? 3.4ರಲ್ಲಿದ್ದೀರಾ, ಜೆಮ್‌ಗಳೆಲ್ಲ ತಯಾರಿವೆಯಾ, ಆರಾಮಾಗಿ ಹೋಗಿ, ಸೋಮವಾರಕ್ಕಲ್ಲದಿದ್ದರೂ ತಿಂಗಳೊಳಗೆ ಆಗುತ್ತೆ. 2.7ರಲ್ಲೇ ಇದ್ದೀರಾ, ಹಾಗಿದ್ರೆ 4ರ ಕನಸು ಪಕ್ಕಕ್ಕಿಡಿ. ರೈಲ್ಸ್ 8ಕ್ಕೆ ಕನಿಷ್ಠ ರೂಬಿ 3.2 ಬೇಕು, ಅಲ್ಲಿವರೆಗೆ ಮೆಟ್ಟಿಲು ಮೆಟ್ಟಿಲಾಗೇ ಹತ್ತಬೇಕು. ರೈಲ್ಸ್‌ನಲ್ಲಿ ಒಂದೊಂದೇ ಆವೃತ್ತಿ. ಪ್ರತಿ ಸಲ ಆಪ್:ಅಪ್‌ಡೇಟ್ ಓಡಿಸಿ. ಅದು ಕೊಡೋ ಹೊಸ ಡೀಫಾಲ್ಟ್‌ಗಳ ಫೈಲ್‌ನಲ್ಲಿ ಒಂದೊಂದು ಸಾಲು ಆನ್ ಮಾಡಿ ಡಿಪ್ಲಾಯ್ ಮಾಡಿ, ಎಲ್ಲ ಮುಗಿದ ಮೇಲೆ ಲೋಡ್_ಡೀಫಾಲ್ಟ್ಸ್ ಬದಲಾಯಿಸಿ. ಟೆಸ್ಟ್‌ನಲ್ಲಿ ಡೆಪ್ರಿಕೇಷನ್ ಬಂದರೆ ರೇಸ್ ಆಗೋ ಹಾಗೆ ಇಡಿ. ರೂಬಿ ತನ್ನ ಡೆಪ್ರಿಕೇಷನ್ ಎಚ್ಚರಿಕೆಗಳನ್ನ 2.7.2ರಿಂದ ಡೀಫಾಲ್ಟ್ ಆಗಿ ಮುಚ್ಚಿಡುತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ರೂಬಿಆಪ್ಟ್‌ನಲ್ಲಿ ಡಬ್ಲ್ಯೂ:ಡೆಪ್ರಿಕೇಟೆಡ್ ಹಾಕಿ ಒಂದು ಸಲ ಟೆಸ್ಟ್ ಓಡಿಸಿ ನೋಡಿ, ಲಾಗ್ ತುಂಬಿ ಹರಿಯುತ್ತೆ.

ರೂಬಿ ಒಂದು ವಾರ, ರೈಲ್ಸ್ ಇನ್ನೊಂದು ವಾರ, ಸರ್ವರ್ ಬದಲಾವಣೆ ಬೇರೆಯೇ ತಿಂಗಳು. ಮ್ಯಾನೇಜರ್ ಕೇಳಿದರೆ ಬೇಕರಿಯ ಕಥೆ ಹೇಳಿ, ನನ್ನ ಹೆಸರು ಹೇಳಿದರೂ ಪರವಾಗಿಲ್ಲ. ಡಿಪ್ಲಾಯ್ ಆದ ಮೊದಲ ರಾತ್ರಿ ಯಾರಾದರೂ ಒಬ್ಬರು ಅಲಾರಂ ಇಟ್ಟುಕೊಂಡು ಎರಡು ಗಂಟೆಗೆ ಎದ್ದು ಐದು ನಿಮಿಷ ಪ್ರೊಡಕ್ಷನ್ ನೋಡಲಿ.

ಆವತ್ತು ನಮ್ಮ ಕೋಡ್‌ನಲ್ಲಿ ಡೇಟ್.ಟುಡೇ 23 ಕಡೆ ಸಿಕ್ಕಿತ್ತು. ಅದರಲ್ಲಿ 9 ನನ್ನ ಕೈಬರಹ, ಗಿಟ್ ಬ್ಲೇಮ್ ಸುಳ್ಳು ಹೇಳಲ್ಲ. ನಿಮ್ಮದರಲ್ಲಿ ಎಷ್ಟು ಸಿಗುತ್ತೆ ನೋಡಿ. ಮುಂದಿನ ಕಂತಿನಲ್ಲಿ ದೊಡ್ಡ ಟೇಬಲ್‌ಗೆ ಇಂಡೆಕ್ಸ್ ಹಾಕೋವಾಗ ಸೈಟ್ ನಿಲ್ಲದ ಹಾಗೆ ಮಾಡೋದು ಹೇಗೆ ಅಂತ ಬರೀತೀನಿ. ಅದರಲ್ಲೂ ನನ್ನದೊಂದು ಕಥೆ ಇದೆ, ಆದರೆ ಆ ಸಲ ಸಂಬಳ ಯಾರದ್ದೂ ಕಟ್ ಆಗಲಿಲ್ಲ.